ಎರಡೂ ಕೇಬಲ್ ಒಂದೇ ತಗ್ಗಿನಲ್ಲಿ ಹೂಳಬೇಡಿ

ಸಂಪಾದಕರಿಗೆ ನಮಸ್ಕಾರ.

ಹಳ್ಳಿಗೆ ಬ್ರಾಡ್‌ಬ್ಯಾಂಡ್ ಕೊಡುವ ಭಾರತ್‌ನೆಟ್ ಯೋಜನೆಯನ್ನು ಕೇಂದ್ರ ಸರ್ಕಾರ ಹೊಸದಾಗಿ ಮಾಡಲು ಹೊರಟಿದೆ. ಈ ಸಲವಾದರೂ ಕೆಲಸ ನೆಟ್ಟಗಾಗಲಿ ಅಂತ ಈ ಪತ್ರ ಬರೆಯುತ್ತಿದ್ದೇನೆ.

ಬೀಳಗಿ ತಾಲ್ಲೂಕಿನ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರ ಒಂದು ಪುನರ್ವಸತಿ ಕೇಂದ್ರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹೆಸರಿಗಷ್ಟೇ ಝೆರಾಕ್ಸ್. ಪಹಣಿ ತೆಗೆಯುವುದು, ಪಿಎಂ ಕಿಸಾನ್ ಇ-ಕೆವೈಸಿ, ಬೆಳೆ ವಿಮೆ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಆಧಾರ್ ಪ್ರಿಂಟ್, ಎಲ್ಲವೂ ಇಲ್ಲೇ. ಇದರಲ್ಲಿ ನೆಟ್ ಇಲ್ಲದೆ ನಡೆಯುವ ಕೆಲಸ ಝೆರಾಕ್ಸ್ ಒಂದೇ.

ನಮ್ಮ ಪಂಚಾಯ್ತಿಗೆ ಆಪ್ಟಿಕಲ್ ಫೈಬರ್ ಬಂದು ವರ್ಷಗಳೇ ಆದವು. 2011ರಲ್ಲಿ ಒಪ್ಪಿಗೆ ಸಿಕ್ಕ ಯೋಜನೆ ಇದು. 2015ರಲ್ಲಿ ಭಾರತ್‌ನೆಟ್ ಅಂತ ಹೆಸರು ಬದಲಾಯಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ 100 ಎಂಬಿಪಿಎಸ್ ನೆಟ್ ಮುಟ್ಟಿಸುವುದು ಅದರ ಗುರಿ. ಪಂಚಾಯ್ತಿ ಕಚೇರಿಯ ಮೂಲೆಯಲ್ಲಿ ಅದರ ಪೆಟ್ಟಿಗೆ ಕೂತಿದೆ. ಹಸಿರು ಲೈಟ್ ಇದ್ದರೆ ನೆಟ್ ಇದೆ, ಕೆಂಪು ಮಿಣುಕಿದರೆ ಲೈನ್ ಕಟ್. ಈ ಲೆಕ್ಕ ನಮ್ಮೂರಿನ ಸಣ್ಣ ಹುಡುಗರಿಗೂ ಗೊತ್ತು, ಅಷ್ಟು ಸಲ ಕೆಂಪು ನೋಡಿದ್ದಾರೆ.

ಜಲಜೀವನ್ ಪೈಪಿಗೆ ಅಗೆದಾಗ ಒಮ್ಮೆ ಕಟ್ಟಾಯಿತು. ರಸ್ತೆ ಅಗಲ ಮಾಡಿದಾಗ ಇನ್ನೊಮ್ಮೆ. ಕಬ್ಬಿಗೆ ನೀರು ಒಯ್ಯಲು ನಮ್ಮ ರೈತರೇ ರಸ್ತೆ ದಾಟಿಸಿ ಪೈಪ್ ಹಾಕಿದಾಗ ಮತ್ತೊಮ್ಮೆ. ರಸ್ತೆ ಕೆಲಸದ ಹೊತ್ತಿಗೆ ನಾನು ಅಲ್ಲೇ ಇದ್ದೆ. ಜೆಸಿಬಿಯ ಬಕೆಟ್‌ಗೆ ಪ್ಲಾಸ್ಟಿಕ್ ಪೈಪ್ ಸಿಕ್ಕು ಮೇಲೆ ಬಂತು, ಒಳಗಿನ ಬಣ್ಣಬಣ್ಣದ ಎಳೆಗಳು ಹೊರಗೆ ಚಾಚಿಕೊಂಡಿದ್ದವು. ಡ್ರೈವರ್‌ನನ್ನು ಕೇಳಿದರೆ, "ಇಲ್ಲೊಂದು ಗುರುತಿನ ಕಲ್ಲರೆ ಇಟ್ಟಿದ್ರ ನಾ ಯಾಕ್ ಅಗಿತಿದ್ದೆರಿ ಅಣ್ಣಾರ" ಅಂದ. ಅವನದ್ದೂ ಸರಿ, ಅಲ್ವಾ? ಕಲ್ಲು ಇರಲೇ ಇಲ್ಲ.

ಆಮೇಲೆ ಶುರುವಾಗುವುದು ಕಾಯುವ ಕೆಲಸ. ಜೋಡಿಸುವುದೇನೂ ದೊಡ್ಡ ಮಾತಲ್ಲ. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯ ತುದಿ ಒರೆಸಿ, ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಮಶೀನಿನಲ್ಲಿ ಎದುರುಬದುರು ಇಟ್ಟು, ಕಿಡಿ ಹೊಡೆಸಿ ಬೆಸೆಯುತ್ತಾರೆ. ಒಂದೊಂದು ಎಳೆಗೆ ಕೆಲವೇ ನಿಮಿಷ. ಆದರೆ ಆ ಮಶೀನು ಹಿಡಿದುಕೊಂಡು ಬರುವ ಹುಡುಗನಿಗೆ ಊರೂರು ಕೆಲಸ. ಅವನು ನಮ್ಮೂರಿಗೆ ಬರುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ದೂರು ಕೊಡೋಣ ಅಂದರೆ ಒಬ್ಬರು ಇನ್ನೊಬ್ಬರ ನಂಬರ್ ಕೊಡುತ್ತಾರೆ, ಆ ಇನ್ನೊಬ್ಬರು ಫೋನ್ ಎತ್ತುವುದಿಲ್ಲ.

ಮೊಬೈಲ್ ನೆಟ್ ಇದೆಯಲ್ಲ ಅಂತ ಪ್ಯಾಟಿ ಮಂದಿ ಕೇಳಬಹುದು. ಇದೆ, ಕರೆಂಟ್ ಇರುವಷ್ಟು ಹೊತ್ತು. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ರೇಷನ್ ಕೊಡುವ ದಿನ ರೇಷನ್ ಅಂಗಡಿಯವರು ಹೆಬ್ಬೆಟ್ಟಿನ ಮಶೀನು ಹಿಡಿದು ಸಿಗ್ನಲ್ ಹುಡುಕುತ್ತ ಶಾಲೆಯ ಕಟ್ಟೆಗೆ ಹೋಗುತ್ತಾರೆ, ಸಾಲೂ ಅವರ ಹಿಂದೆ ಹೋಗುತ್ತದೆ. ಕಳೆ ತೆಗೆದು ತೆಗೆದು ಬೆರಳಿನ ಗೆರೆ ಸವೆದ ಮುದುಕಿಯರು ಮೊದಲೇ ನಾಲ್ಕೈದು ಸಲ ಒತ್ತಬೇಕು. ಬೆರಳು ಹತ್ತುವಷ್ಟರಲ್ಲಿ ನೆಟ್ ಹೋಗಿರುತ್ತದೆ. "ಇವತ್ತ ಹೋಗ್ರಿ ಆಯಿ, ನಾಳಿ ಬರ್ರಿ" ಅಂದರೆ ಆ ಆಯಿಯ ಒಂದು ದಿನದ ಕೂಲಿ ಹೋಯಿತು. ಉದ್ಯೋಗ ಖಾತ್ರಿ ಕೆಲಸದಲ್ಲೂ 2023ರ ಜನವರಿಯಿಂದ ಹಾಜರಿಯನ್ನು ಫೋಟೊ ಸಮೇತ ಆಪ್‌ನಲ್ಲೇ ಹಾಕಬೇಕು ಅಂತ ಮಾಡಿದರು. ನಿಯಮ ಹಳ್ಳಿಗೆ ಬೇಗ ಬರುತ್ತದೆ, ನೆಟ್ ಮಾತ್ರ ಹಿಂದೆ ಉಳಿಯುತ್ತದೆ.

ಇಷ್ಟು ತೊಂದರೆಗೆ ಕಾರಣ ಮೊದಲ ಹಂತದ ಲೈನ್ ಹಾಕಿದ ರೀತಿ. ತಾಲ್ಲೂಕು ಕೇಂದ್ರದಿಂದ ಹೊರಟ ಲೈನ್ ಒಂದೇ ದಾರಿಯಲ್ಲಿ ಪಂಚಾಯ್ತಿ ಮುಟ್ಟುತ್ತದೆ. ನಡುವೆ ಎಲ್ಲಿ ಕಟ್ಟಾದರೂ ಅದರಾಚೆಯ ಊರುಗಳೆಲ್ಲ ಬಂದ್. ಕೇಂದ್ರ ಸಚಿವ ಸಂಪುಟ 2023ರ ಆಗಸ್ಟ್‌ನಲ್ಲಿ ಒಪ್ಪಿದ ಹೊಸ ಯೋಜನೆಯಲ್ಲಿ ಇದಕ್ಕೆ ಪರಿಹಾರ ಇದೆ. ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ಯೋಜನೆ. ಪಂಚಾಯ್ತಿಗಳನ್ನು ರಿಂಗ್ ಮಾಡಿ, ಅಂದರೆ ಬಳೆಯ ಹಾಗೆ ಸುತ್ತುಹಾಕಿ ಜೋಡಿಸುತ್ತಾರೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ನೆಟ್ ಬರುತ್ತದೆ. ಕೆಲಸ ಹಿಡಿದವರೇ 10 ವರ್ಷ ನಿರ್ವಹಣೆಯನ್ನೂ ಮಾಡಬೇಕು. ಐದು ವರ್ಷದಲ್ಲಿ 1.5 ಕೋಟಿ ಹಳ್ಳಿ ಮನೆಗಳಿಗೆ ಫೈಬರ್ ಕೊಡುವ ಗುರಿಯೂ ಇದೆ.

ನನ್ನ ಭಯ ಇರುವುದು ಆ ರಿಂಗ್ ಬಗ್ಗೆಯೇ. ನಮ್ಮ ತಾಲ್ಲೂಕು ಕೃಷ್ಣಾ ಮತ್ತು ಘಟಪ್ರಭಾ ನಡುವೆ ಇದೆ. ಹಿನ್ನೀರು ನಿಂತ ಮೇಲೆ ಹಳೆಯ ದಾರಿಗಳು ಎಷ್ಟೋ ಕಡೆ ನೀರಿನಡಿ ಹೋದವು. ಈಗ ಕೆಲವು ಊರಿಗೆ ಹೋಗಿಬರಲು ಒಂದೇ ರಸ್ತೆ. ಗುತ್ತಿಗೆದಾರರು ಖರ್ಚು ಉಳಿಸಲು ಹೋಗುವ ಕೇಬಲ್ಲು, ಬರುವ ಕೇಬಲ್ಲು ಎರಡನ್ನೂ ಆ ರಸ್ತೆಯ ಒಂದೇ ತಗ್ಗಿನಲ್ಲಿ ಹೂತರೆ ನಕ್ಷೆಯಲ್ಲಿ ಮಾತ್ರ ರಿಂಗ್ ಇರುತ್ತದೆ. ಜೆಸಿಬಿ ಒಂದೇ ಏಟಿಗೆ ಎರಡನ್ನೂ ಎತ್ತುತ್ತದೆ. ಎರಡನೇ ಲೈನನ್ನು ಹೊಲದ ದಾರಿಯ ಕರೆಂಟ್ ಕಂಬಗಳ ಮೇಲೆ ಎಳೆಯಲಿ. ಕಡಿದರೂ ಕಣ್ಣಿಗೆ ಕಾಣುತ್ತದೆ, ಹುಡುಕಲು ಮತ್ತೆ ಅಗೆಯಬೇಕಿಲ್ಲ. ಜೊತೆಗೆ ಪಂಚಾಯ್ತಿ ಪೆಟ್ಟಿಗೆಗೆ ಒಳ್ಳೆಯ ಬ್ಯಾಟರಿ ಕೊಡಲಿ.

ಇನ್ನೊಂದು ಮಾತು. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಲು ಕೃಷ್ಣಾ ನೀರು ಹಂಚಿಕೆಯ ನ್ಯಾಯಮಂಡಳಿ ಒಪ್ಪಿದ್ದು 2010ರಲ್ಲಿ. ಏರಿಸಿದರೆ ಮುಳುಗುವ ಊರಿನವರು ಏನು ಕೇಳಿದರೂ "ಹೆಂಗೂ ಮುಳಗೂ ಊರು" ಅನ್ನುವ ಉತ್ತರ ಸಿಗುತ್ತದೆ. ಅಲ್ಲಿಯವರೆಗೆ ಅಲ್ಲಿನ ಮಕ್ಕಳು ಶಾಲೆಗೆ ಹೋಗುವುದಿಲ್ಲವೇ? ಆ ಊರುಗಳಿಗೆ ಕಂಬದ ಮೇಲೆ ಎಳೆಯಿರಿ, ಊರು ಎದ್ದ ದಿನ ಸುತ್ತಿಕೊಂಡು ಹೋಗಿ.

ಅಗೆಯುವವರು ಮೊದಲೇ ತಿಳಿಸಲಿ ಅಂತ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ "ಕಾಲ್ ಬಿಫೋರ್ ಯು ಡಿಗ್" ಅನ್ನುವ ಆಪ್ ತಂದಿದೆ. ನಮ್ಮ ಕಡೆಯ ಗುತ್ತಿಗೆದಾರರು ಅದನ್ನು ತೆರೆದದ್ದು ನಾನಂತೂ ಕಂಡಿಲ್ಲ. ಆಪ್‌ನಲ್ಲಿ ತಿಳಿಸಿದ ದಾಖಲೆ ಇಲ್ಲದೆ ರಸ್ತೆ ಮತ್ತು ಪೈಪ್ ಕೆಲಸದ ಬಿಲ್ ಪಾಸ್ ಮಾಡಬಾರದು. ರೊಕ್ಕ ನಿಂತರೆ ಎಲ್ಲರಿಗೂ ಆಪ್ ನೆನಪಾಗುತ್ತದೆ.

ನನ್ನ ಅಂಗಡಿ ಪಂಚಾಯ್ತಿಯಿಂದ ಕೂಗಳತೆ ದೂರದಲ್ಲಿದೆ. ಪುಕ್ಕಟೆ ನೆಟ್ ಯಾರೂ ಕೇಳುತ್ತಿಲ್ಲ, ತಿಂಗಳು ತಿಂಗಳು ಬಿಲ್ ಕಟ್ಟಲು ತಯಾರಿದ್ದೇವೆ. ಜಿಲ್ಲಾ ಪಂಚಾಯ್ತಿಯವರಲ್ಲಿ ಸದ್ಯಕ್ಕೆ ಕೇಳುವುದು ಇಷ್ಟು. ಹೊಸ ಕೇಬಲ್ ಎಲ್ಲೆಲ್ಲಿ ಹೋಗುತ್ತದೆ ಅನ್ನುವ ನಕ್ಷೆಯನ್ನು ಕೆಲಸ ಶುರುವಾಗುವ ಮೊದಲೇ ಗ್ರಾಮಸಭೆಯಲ್ಲಿ ತೋರಿಸಿ. ಕಟ್ಟಾದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನೂ ಅದರ ಕೆಳಗೆ ಬರೆದು ಪಂಚಾಯ್ತಿ ಗೋಡೆಗೆ ಹಚ್ಚಿ. ಝೆರಾಕ್ಸ್, ಲ್ಯಾಮಿನೇಷನ್ ನಾನೇ ಪುಕ್ಕಟೆ ಮಾಡಿಕೊಡುತ್ತೇನೆ.

ಝೆರಾಕ್ಸ್ ಅಂಗಡಿಯವ,
ಬೀಳಗಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ