ಮಕ್ಕಳಿಗೆ ಯೂನಿಕೋಡ್ ಟಿಪ್ಪಣಿಗಳನ್ನೇ ಕೊಡಿ

ಮಾನ್ಯರೇ,

ಪಾಠದ ಟಿಪ್ಪಣಿಗಳು ಈಗ ಮೊಬೈಲ್ ಮೂಲಕವೇ ಮಕ್ಕಳನ್ನು ತಲುಪುತ್ತಿವೆ. ಆದರೆ ಕನ್ನಡದ ಎಷ್ಟೋ ಟಿಪ್ಪಣಿ, ಪ್ರಶ್ನೆಪತ್ರಿಕೆಗಳು ಇನ್ನೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಹಳೆಯ ಆಸ್ಕಿ ಫಾಂಟ್‌ಗಳಲ್ಲೇ ಸಿದ್ಧವಾಗುತ್ತಿವೆ. ಇದು ನಿಲ್ಲಬೇಕು, ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಗೆ ಬದಲಾಗಬೇಕು.

'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಆ ಫಾಂಟ್‌ಗಳಲ್ಲಿ 'ಅ' ಅಕ್ಷರದ ಚಿತ್ರ ಕೂತಿರುವುದು ಇಂಗ್ಲಿಷಿನ ದೊಡ್ಡ 'ಸಿ' ಜಾಗದಲ್ಲಿ. ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಕಡತ ತೆರೆದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪಿಡಿಎಫ್ ಮಾಡಿದರೆ ನೋಡಲು ಸರಿಯಿರುತ್ತದೆ, ಆದರೆ ಅದರೊಳಗೆ ಒಂದು ಪದ ಹುಡುಕಿದರೂ ಸಿಗದು. ದೃಷ್ಟಿದೋಷವಿರುವ ವಿದ್ಯಾರ್ಥಿಗಳಿಗೆ ಆಗುವ ಅನ್ಯಾಯ ಎಲ್ಲಕ್ಕಿಂತ ದೊಡ್ಡದು. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಆಸ್ಕಿ ಕಡತ ಕೊಟ್ಟರೆ ಅದರ ಬಾಯಿಂದ ಬರುವುದು ಬರೀ ಗೊಂದಲದ ಸದ್ದು. ಯೂನಿಕೋಡ್‌ನಲ್ಲಾದರೆ 'ಅ'ಗೆ 3205 ಎಂಬ ತನ್ನದೇ ಸಂಖ್ಯೆ ಇದೆ. ಯಾವ ಯಂತ್ರದಲ್ಲಿ ತೆರೆದರೂ ಅದು 'ಅ'ವೇ.

ಬದಲಾಯಿಸಲು ಹೊಸದಾಗಿ ಟೈಪಿಂಗ್ ಕಲಿಯಬೇಕಿಲ್ಲ. 'ನುಡಿ'ಯಲ್ಲಾಗಲಿ 'ಬರಹ'ದಲ್ಲಾಗಲಿ ಯೂನಿಕೋಡ್ ಆಯ್ಕೆ ಮಾಡಿಕೊಂಡರೆ ಸಾಕು, ಬೆರಳಿಗೆ ರೂಢಿಯಾದ ಕೀಲಿಮಣೆ ವಿನ್ಯಾಸವೇ ಮುಂದುವರಿಯುತ್ತದೆ.

ಹಳೆಯ ಕಡತಗಳನ್ನು ಪರಿವರ್ತಿಸುವಾಗ ಮಾತ್ರ ಎಚ್ಚರ ಬೇಕು. ಮೊದಲು ಮೂಲ ಕಡತದ ಒಂದು ಪ್ರತಿಯನ್ನು ತೆಗೆದಿಡಿ. ಇಂಗ್ಲಿಷ್ ಪದ, ಸೂತ್ರ, ಸಮೀಕರಣಗಳನ್ನು ಬೇರ್ಪಡಿಸಿ, ಕನ್ನಡ ಭಾಗವನ್ನಷ್ಟೇ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಕ್ಕೆ ಹಾಕಿ. ಒಟ್ಟಿಗೆ ಹಾಕಿದರೆ ರಸಾಯನಶಾಸ್ತ್ರದ ಟಿಪ್ಪಣಿಯಲ್ಲಿ ಇಂಗಾಲದ ಸಂಕೇತ 'ಸಿ' ಹೋಗಿ 'ಅ' ಬಂದು ಕೂರುತ್ತದೆ! ಬಳಿಕ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. 'ಧರ್ಮ' ಎಂಬಲ್ಲಿ ಹಳೆಯ ಫಾಂಟ್ ಅರ್ಕಾವತ್ತಿನ ಚಿತ್ರವನ್ನು 'ಮ'ದ ನಂತರ ಇಡುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಟೈಪಿಸುವವರ ಕೈಯಲ್ಲಾಗುವ ತಪ್ಪೂ ಒಂದಿದೆ. ಅನುಸ್ವಾರಕ್ಕೆ ಕನ್ನಡದ ಸೊನ್ನೆಯನ್ನು ಒತ್ತಿಬಿಡುತ್ತಾರೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಅನುಸ್ವಾರ 3202, ಸೊನ್ನೆ 3302. 'ಅಂಕ' ಎಂದು ಹುಡುಕಿದರೆ ಸೊನ್ನೆ ಹಾಕಿ ಬರೆದ 'ಅಂಕ' ಸಿಗುವುದಿಲ್ಲ.

ಇನ್ನೊಂದು ಮಾತು: ಯೂನಿಕೋಡ್‌ನಿಂದ ಮಾಡಿದ ಪಿಡಿಎಫ್‌ನಲ್ಲೂ ನಕಲು ಮಾಡಿದಾಗ ಒತ್ತಕ್ಷರಗಳು ಕೆಲವೊಮ್ಮೆ ಚದುರುತ್ತವೆ. ಆದ್ದರಿಂದ ಪಿಡಿಎಫ್ ಜೊತೆಗೆ ವರ್ಡ್ ಕಡತವನ್ನೂ ತಪ್ಪದೆ ಹಂಚಿ ಎಂದು ಶಿಕ್ಷಕರಲ್ಲಿ, ಉಪನ್ಯಾಸಕರಲ್ಲಿ ವಿನಂತಿ. ಮುದ್ರಿತ ಹಾಳೆಯ ಫೋಟೊ ತೆಗೆದು ಕಳುಹಿಸುವುದನ್ನಂತೂ ದಯವಿಟ್ಟು ಬಿಡಿ. ಅದರಲ್ಲಿ ಪರದೆ ಓದುಗಕ್ಕೆ ಸಿಗುವ ಅಕ್ಷರ ಒಂದೂ ಇರುವುದಿಲ್ಲ.

– ಕನ್ನಡ ಶಿಕ್ಷಕರೊಬ್ಬರು