ಲೈಸೆನ್ಸ್ ಇಲ್ಲ ಅಂದರೆ ಯಾವ ‘ಇಲ್ಲ’, ಸಚಿವರೇ?

ಮಾನ್ಯ ಗೃಹ ಸಚಿವರಿಗೆ ನಮಸ್ಕಾರಗಳು.

ತಪ್ಪು ನನ್ನದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ತಿಂಗಳು ಒಂದು ಸಂಜೆ ಅಮ್ಮನ ಬಿಪಿ ಮಾತ್ರೆ ತರೋಣ ಅಂತ ಸ್ಕೂಟರ್ ಹತ್ತಿ ಹೊರಟೆ. ಹೆಲ್ಮೆಟ್ ಹಾಕಿದ್ದೆ. ಪರ್ಸು ಮಾತ್ರ ಬೆಳಿಗ್ಗೆ ಬಿಚ್ಚಿ ನೇತುಹಾಕಿದ ಪ್ಯಾಂಟಿನ ಜೇಬಿನಲ್ಲೇ ಉಳಿದಿತ್ತು. ಲೈಸೆನ್ಸು ಅದರೊಳಗೆ. ಅಂಗಡಿಯಲ್ಲಿ ದುಡ್ಡು ಕೊಡಲು ಫೋನ್ ಇದ್ದರೆ ಸಾಕಾಗುವ ಕಾಲ ಇದು. ಪರ್ಸಿನ ನೆನಪು ಯಾರಿಗೆ ಬರುತ್ತದೆ?

ತಿರುವಿನಲ್ಲಿ ಪೊಲೀಸರು ನಿಂತಿದ್ದರು. ಯಾವ ಊರು, ಯಾವ ಠಾಣೆ ಅಂತ ಬರೆಯುವುದಿಲ್ಲ. ಯಾರೋ ಒಬ್ಬರ ನೌಕರಿಗೆ ಕಲ್ಲು ಹಾಕಲು ಕೂತು ಬರೆದ ಪತ್ರ ಅಲ್ಲ ಇದು. ನಿಜ ಹೇಳಬೇಕೆಂದರೆ ಆ ಎಎಸ್‌ಐ ಮರ್ಯಾದೆಯಿಂದಲೇ ಮಾತಾಡಿದರು.

“ಲೈಸೆನ್ಸ್ ತೋರ್ಸಿ ಸರ್.”

“ಮನೇಲಿದೆ ಸರ್.”

“ಎಲ್ರೂ ಅದನ್ನೇ ಹೇಳ್ತಾರೆ.”

ಅವರು ಹೇಳಿದ್ದೂ ಸರಿಯೇ. ಲೈಸೆನ್ಸ್ ಮಾಡಿಸದೇ ಇರುವವರು ಕೂಡ ‘ಮನೇಲಿದೆ’ ಅಂತಲೇ ಹೇಳುತ್ತಾರೆ. ಫೋನ್ ತೆಗೆದು, ದಾಖಲೆ ಇಟ್ಟುಕೊಳ್ಳುವ ಸರ್ಕಾರದ ಆ್ಯಪ್ ಡಿಜಿಲಾಕರ್ ತೆರೆದೆ. ಆರು ಅಂಕಿಯ ಪಿನ್ ಕೇಳಿತು. ಮರೆತುಹೋಗಿತ್ತು. ‘ಪಿನ್ ಮರೆತಿದ್ದೀರಾ’ ಅನ್ನುವುದನ್ನು ಒತ್ತಿದರೆ, ಒಟಿಪಿ ಯಾವುದೋ ಕಾಲದಲ್ಲಿ ಕೊಟ್ಟಿದ್ದ ಹಳೇ ನಂಬರಿಗೆ ಹೋಯಿತು. ಆ ನಂಬರ್ ಈಗ ಯಾರ ಹತ್ತಿರ ಇದೆಯೋ ದೇವರೇ ಬಲ್ಲ. ಪಾಪ, ಅವರಿಗೊಂದು ಒಟಿಪಿ ಸುಮ್ನೆ ಬಂದಿರುತ್ತದೆ.

ಕೊನೆಗೆ ಮನೆಗೆ ಫೋನ್ ಮಾಡಿದೆ. ನನ್ನ ಹೆಂಡತಿ ಪ್ಯಾಂಟಿನ ಜೇಬು ತಡಕಿ, ಕಾರ್ಡ್ ತೆಗೆದು, ನಂಬರ್ ಓದಿದಳು. ಸ್ಪೀಕರ್ ಹಾಕಿದ್ದೆ. ಎಎಸ್‌ಐ ಒಂದೊಂದೇ ಅಂಕಿಯನ್ನು ತಮ್ಮ ಕೈಯಲ್ಲಿದ್ದ ಯಂತ್ರಕ್ಕೆ ಒತ್ತಿದರು. ಒಂದು ಕ್ಷಣ ಚಕ್ರ ತಿರುಗಿತು. ನನ್ನ ಹೆಸರು ಬಂತು, ತಂದೆಯ ಹೆಸರು ಬಂತು, ಲೈಸೆನ್ಸಿನ ಅವಧಿ ಇನ್ನೂ ಮುಗಿದಿಲ್ಲ ಅನ್ನುವುದೂ ಬಂತು. ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ನೀವೇನಾ?”

“ನಾನೇ ಸರ್.”

“ಎಲ್ಲ ಸರಿ ಇದೆ. ಆದ್ರೆ ಒರಿಜಿನಲ್ ಕೈಯಲ್ಲಿ ಇಲ್ವಲ್ಲ.”

ಹೀಗಂದು ಅದೇ ಯಂತ್ರದಿಂದ ಒಂದು ಚೀಟಿ ಹರಿದುಕೊಟ್ಟರು. ಅದರಲ್ಲಿದ್ದ ಅಪರಾಧ: ಚಾಲನಾ ಪರವಾನಗಿ ಇಲ್ಲದೆ ವಾಹನ ಚಾಲನೆ.

ನನ್ನ ತಕರಾರು ಇರುವುದು ಈ ಒಂದು ಸಾಲಿನ ಮೇಲೆ. ನನ್ನ ಹತ್ತಿರ ಲೈಸೆನ್ಸ್ ಇದೆ ಅಂತ ಆ ಯಂತ್ರವೇ ಹೇಳಿತ್ತು. ಎರಡು ನಿಮಿಷ ಕಳೆದ ಮೇಲೆ ಇಲ್ಲ ಅಂತಲೂ ಅದೇ ಹೇಳಿತು. ಎರಡೂ ಸರ್ಕಾರದ ಮಾತೇ. ನಾನು ಯಾವುದನ್ನು ನಂಬಲಿ?

ಮನೆಗೆ ಬಂದು ಕಾಯ್ದೆ ತೆಗೆದು ಓದಿದೆ. ಸಿಟ್ಟು ಬಂದಾಗಲಾದರೂ ಮನುಷ್ಯ ಕಾನೂನು ಓದುತ್ತಾನೆ ನೋಡಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇವು ಎರಡು ಬೇರೆ ಬೇರೆ ವಿಷಯಗಳು. ಲೈಸೆನ್ಸ್ ಪಡೆಯದೇ ಗಾಡಿ ಓಡಿಸಬಾರದು ಅನ್ನುವುದು ಸೆಕ್ಷನ್ 3. ಅದಕ್ಕೆ ಶಿಕ್ಷೆ ಸೆಕ್ಷನ್ 181ರಲ್ಲಿದೆ. 2019ರ ತಿದ್ದುಪಡಿ ಆದಮೇಲೆ ಅದು 5,000 ರೂಪಾಯಿ ದಂಡ, ಇಲ್ಲವೇ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನಮ್ಮ ರಾಜ್ಯ ಅದೇ ವರ್ಷ ಸೆಪ್ಟೆಂಬರಿನಲ್ಲಿ ದಂಡದ ಮೊತ್ತಗಳನ್ನು ಇಳಿಸಿತು, ಆ ಮಾತು ಬೇರೆ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದಾಗ ಲೈಸೆನ್ಸ್ ತೋರಿಸಬೇಕು ಅನ್ನುವುದು ಸೆಕ್ಷನ್ 130. ಆ ಹೊತ್ತಿಗೆ ಜೊತೆಯಲ್ಲಿ ಇಲ್ಲದಿದ್ದರೆ, ಗೊತ್ತುಮಾಡಿದ ಅವಧಿಯೊಳಗೆ ತಂದು ತೋರಿಸಿದರೂ ನಡೆಯುತ್ತದೆ ಅಂತ ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 139 ಹೇಳುತ್ತದೆ. ಅವಧಿ ಎಷ್ಟು ಅನ್ನುವುದೂ ಅಲ್ಲೇ ಇದೆ. 15 ದಿನ. ದೃಢೀಕರಿಸಿದ ಪ್ರತಿಯನ್ನು ಖುದ್ದಾಗಿ ಕೊಡಬಹುದು, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಲೂಬಹುದು.

ಮನುಷ್ಯನಿಗೆ ಮರೆವು ಇರುತ್ತದೆ ಅಂತ ಕಾನೂನು ಬರೆದವರಿಗೆ ಗೊತ್ತಿತ್ತು. ರಸ್ತೆಗೆ ಬರುವಷ್ಟರಲ್ಲಿ ಆ 15 ದಿನ ಎಲ್ಲಿ ಉದುರಿಹೋಯಿತೋ! ನನಗೆ ಯಾರೂ ಹೇಳಲಿಲ್ಲ, ಚೀಟಿಯಲ್ಲೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿರುವ ನನ್ನ ಗೆಳೆಯರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ.

ಇನ್ನು ಫೋನಿನಲ್ಲಿ ತೋರಿಸುವ ವಿಷಯ. 2018ರ ಆಗಸ್ಟ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಬರೆದು, ಡಿಜಿಲಾಕರ್ ಮತ್ತು ಎಂಪರಿವಾಹನ್ (ಸಾರಿಗೆ ಸಚಿವಾಲಯದ ಆ್ಯಪ್) ಒಳಗಿರುವ ದಾಖಲೆಗಳನ್ನು ಮೂಲ ದಾಖಲೆಯಂತೆಯೇ ಒಪ್ಪಿ ಅಂತ ಹೇಳಿತು. ಆ ವರ್ಷ ನವೆಂಬರಿನಲ್ಲಿ ನಿಯಮ 139ನ್ನೇ ತಿದ್ದಿ, ದಾಖಲೆ ಕಾಗದದಲ್ಲಿದ್ದರೂ ಆಯಿತು, ಎಲೆಕ್ಟ್ರಾನಿಕ್ ರೂಪದಲ್ಲಿದ್ದರೂ ಆಯಿತು ಅಂತ ಸೇರಿಸಿದರು. 2020ರ ಅಕ್ಟೋಬರ್ 1ರಿಂದ ಇನ್ನೊಂದು ಹೆಜ್ಜೆ ಮುಂದೆ ಹೋದರು. ದಾಖಲೆ ಸರಿ ಇದೆ ಅಂತ ಎಲೆಕ್ಟ್ರಾನಿಕ್ ವಿಧಾನದಲ್ಲಿ ಖಾತ್ರಿಯಾದರೆ, ಕಾಗದ ತೋರಿಸಿ ಅಂತ ಕೇಳುವ ಹಾಗಿಲ್ಲ. ನನ್ನ ವಿಷಯದಲ್ಲಿ ಆ ಖಾತ್ರಿ ಎಎಸ್‌ಐ ಅಂಗೈಯಲ್ಲೇ ಹೊಳೆಯುತ್ತಿತ್ತಲ್ಲ ಸರ್! (ಗ್ಯಾಲರಿಯಲ್ಲಿ ಇಟ್ಟುಕೊಂಡ ಫೋಟೊ, ಸ್ಕ್ರೀನ್‌ಶಾಟ್ ತೋರಿಸಿ ಜಗಳ ಆಡುವವರೂ ಇದ್ದಾರೆ. ಅದು ನಡೆಯುವುದಿಲ್ಲ. ಅಲ್ಲಿ ಪೊಲೀಸರ ಮಾತೇ ಸರಿ.)

‘ಪುಟ್ಟ ವಿಷಯ, ದಂಡ ಕಟ್ಟಿ ಸುಮ್ಮನಿರಬಾರದಾ’ ಅಂತ ನಿಮ್ಮ ಕಚೇರಿಯಲ್ಲಿ ಈ ಪತ್ರ ಓದುವವರು ಅಂದುಕೊಳ್ಳಬಹುದು. ದಂಡ ಕಟ್ಟಿದ್ದೇನೆ. ಆದರೆ ಹದಿನೈದು ವರ್ಷದ ಹುಡುಗ ಅಪ್ಪನ ಬೈಕ್ ತಗೊಂಡು ಮೂವರನ್ನು ಕೂರಿಸಿಕೊಂಡು ಹೋದರೂ ಚೀಟಿಯಲ್ಲಿ ಬರುವುದು ‘ಪರವಾನಗಿ ಇಲ್ಲ’. ಪರ್ಸು ಮರೆತ ನನಗೂ ಅದೇ. ಇಬ್ಬರನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರೆ, ಡ್ರೈವಿಂಗ್ ಪರೀಕ್ಷೆ ಅನ್ನುವುದನ್ನೇ ನೋಡದವರು ರಸ್ತೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ನಿಮಗಾದರೂ ಹೇಗೆ ತಿಳಿಯುತ್ತದೆ? ಭಯಪಡಬೇಕಾದದ್ದು ಅವರ ಬಗ್ಗೆ. ಮಕ್ಕಳ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಅಂತ 2019ರಲ್ಲಿ ಸೆಕ್ಷನ್ 199ಎ ತಂದದ್ದೂ ಅದಕ್ಕೇ ಅಲ್ವಾ?

ಗೊಂದಲ ಇದ್ದ ಕಡೆ ವ್ಯಾಪಾರ ಶುರುವಾಗುತ್ತದೆ. ನನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ ಇನ್ನೊಬ್ಬ ಹುಡುಗನ ಹತ್ತಿರ ಕಾನ್‌ಸ್ಟೆಬಲ್ ಒಬ್ಬರು ಮೆಲ್ಲಗೆ ಕೇಳುತ್ತಿದ್ದದ್ದು ನನ್ನ ಕಿವಿಗೂ ಬಿತ್ತು: “ರಸೀದಿ ಬೇಕಾ, ಬೇಡ್ವಾ?” ಆ ಹುಡುಗ ಏನು ಹೇಳಿದನೋ ಕೇಳಿಸಲಿಲ್ಲ. ನನಗಿಂತ ಮೊದಲೇ ಅಲ್ಲಿಂದ ಹೊರಟ. ತನಗೆ 15 ದಿನ ಸಿಗುತ್ತದೆ ಅಂತ ಅವನಿಗೆ ಗೊತ್ತಿದ್ದರೆ ಆ ಪ್ರಶ್ನೆಗೆ ಬೆಲೆಯೇ ಇರುತ್ತಿರಲಿಲ್ಲ.

ಗಾಡಿ ತಡೆಯುವ ರೀತಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಬೈಕ್ ತಡೆದಾಗ ಅಪ್ಪ ಅಮ್ಮನ ಜೊತೆ ಇದ್ದ ಪುಟ್ಟ ಮಗು ರಸ್ತೆಗೆ ಬಿದ್ದು ಜೀವ ಬಿಟ್ಟಿತು. ಆಸ್ಪತ್ರೆಗೆ ಹೊರಟಿದ್ದ ಮಗು ಅದು. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಬರೀ ದಾಖಲೆ ನೋಡಲು ಗಾಡಿ ತಡೆಯಬೇಡಿ ಅಂತ ಆಮೇಲೆ ಪೊಲೀಸ್ ಮಹಾನಿರ್ದೇಶಕರೇ ಸೂಚನೆ ಕೊಟ್ಟರು. ಹೆಲ್ಮೆಟ್ ಹಾಕಿ, ಎಡಗಡೆ ನಿಧಾನವಾಗಿ ಹೋಗುತ್ತಿದ್ದ ನನ್ನಲ್ಲಿ ಯಾವ ತಪ್ಪು ಕಂಡಿತೋ ನನಗಂತೂ ಹೊಳೆಯಲಿಲ್ಲ.

ಮಾರನೇ ದಿನ ಕಾರ್ಡ್ ಹಿಡಿದುಕೊಂಡು ಠಾಣೆಗೂ ಹೋಗಿದ್ದೆ. ರೈಟರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಸರಿ ಇದೆ ಸರ್. ಆದ್ರೆ ಮೆಷಿನ್ನಲ್ಲಿ ಹೊಡೆದ ಮೇಲೆ ನಮ್ಮ ಕೈಲಿ ಏನಿಲ್ಲ. ಬೇಕಿದ್ರೆ ಕೋರ್ಟಿಗೆ ಹೋಗಿ,” ಅಂದರು. ಇದೊಂದು ಸಾಲಿಗಾಗಿ ರಜೆ ಹಾಕಿ ಕೋರ್ಟು ಅಲೆಯುವವರು ಯಾರು? ಕಟ್ಟಿ ಬಂದೆ.

ಹೊಸ ಕಾನೂನು ಮಾಡಿ ಅಂತ ನಾನು ಕೇಳುತ್ತಿಲ್ಲ ಸಚಿವರೇ. ಇರುವುದನ್ನೇ ಒಂದು ಸುತ್ತೋಲೆಯಾಗಿ ಪ್ರತಿ ಠಾಣೆಗೆ ಕಳಿಸಿ. ಲೈಸೆನ್ಸ್ ಇದೆ ಅಂತ ಯಂತ್ರದಲ್ಲಿ ಕಂಡರೆ ‘ಪರವಾನಗಿ ಇಲ್ಲ’ ಅಂತ ಬರೆಯಬಾರದು. ಯಂತ್ರ ಸಿಗದಿದ್ದರೆ, ನೆಟ್‌ವರ್ಕ್ ಇಲ್ಲದಿದ್ದರೆ, ‘ಹಾಜರುಪಡಿಸಿಲ್ಲ’ ಅಂತ ಬೇರೆಯಾಗಿ ಬರೆದು 15 ದಿನ ಕೊಡಲಿ. ಆ 15 ದಿನದ ವಿಷಯ ಚೀಟಿಯ ಕೆಳಗೆ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರಲಿ. ಬಿಸಿಲು, ಹೊಗೆಯಲ್ಲಿ ದಿನವಿಡೀ ನಿಲ್ಲುವ ಪೊಲೀಸರಿಗೂ ಅರ್ಧ ವಾಗ್ವಾದ ಕಡಿಮೆಯಾಗುತ್ತದೆ.

ಚೀಟಿ ಇನ್ನೂ ನನ್ನ ಹತ್ತಿರವೇ ಇದೆ. ನಿಮ್ಮ ಕಚೇರಿಯವರು ಕೇಳಿದರೆ, ಅದರ ಜೊತೆಗೆ ಲೈಸೆನ್ಸಿನ ಪ್ರತಿಯನ್ನೂ ಕಳಿಸುತ್ತೇನೆ. ರಿಜಿಸ್ಟರ್ಡ್ ಪೋಸ್ಟಿನಲ್ಲೇ.

ಇಂತಿ,
ಈಗ ಪರ್ಸು ಮುಟ್ಟಿ ನೋಡಿಕೊಂಡೇ ಗಾಡಿ ಹತ್ತುವ ಒಬ್ಬ ಸ್ಕೂಟರ್ ಸವಾರ