ಮಗಳಿಗೊಂದು ಪತ್ರ: ಅರ್ಜಿ ಮುಟ್ಟದ ದೊರೆ

ಶ್ರೀರಂಗಪಟ್ಟಣ

ಪ್ರೀತಿಯ ಪುಟ್ಟಿ,

ಬಾಸ್ಟನ್‌ನಿಂದ ನೀನು ಕಳಿಸಿದ ಫೋಟೊ ನೋಡಿದೆ. ಹಡಗಿನ ಮೇಲೆ ನಿಂತು ಟೀ ಪೆಟ್ಟಿಗೆಯನ್ನು ನೀರಿಗೆ ಎಸೆಯುತ್ತಿದ್ದೀಯ. ನಿನ್ನಮ್ಮ ಅದನ್ನು ಪಕ್ಕದ ಮನೆಯವರಿಗೂ ತೋರಿಸಿ ಬಂದಳು. ಕೆಳಗೆ ನೀನು ಬರೆದಿದ್ದೆ, "ಅಪ್ಪಾ, ಟೀಗೆ ಟ್ಯಾಕ್ಸ್ ಜಾಸ್ತಿ ಮಾಡಿದ್ರು ಅಂತ ಇವರು ಸ್ವಾತಂತ್ರ್ಯನೇ ತಗೊಂಡ್ರಂತೆ" ಅಂತ. ಅದನ್ನು ಓದಿದಾಗಿನಿಂದ ನಿನಗೆ ಬರೆಯಬೇಕು ಅನ್ನಿಸುತ್ತಿದೆ. ಯಾಕಂದ್ರೆ ಬಾಸ್ಟನ್ನಿನವರು ನಿಜವಾಗಿ ಟೀ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ ಆ ವರ್ಷ, 1773ರಲ್ಲಿ, ಟೀ ಬೆಲೆ ಏರಲಿಲ್ಲ ಕಣಮ್ಮ, ಇಳಿಯಿತು.

ನಾನು ಮೂವತ್ತು ವರ್ಷದಿಂದ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಕ್ರಯಪತ್ರ, ಅರ್ಜಿ ಬರೆಯುತ್ತಿರುವವನು. ಅದಕ್ಕೇ ಏನೋ, ಅಮೆರಿಕದ ಈ ಕಥೆ ನನಗೆ ಟೀಯಿಂದ ಶುರುವಾಗುವುದಿಲ್ಲ, ಛಾಪಾ ಕಾಗದದಿಂದ ಶುರುವಾಗುತ್ತದೆ.

ಫ್ರಾನ್ಸ್ ಜೊತೆ ಏಳು ವರ್ಷ ಯುದ್ಧ ಮಾಡಿ 1763ರಲ್ಲಿ ಬ್ರಿಟನ್ ಗೆದ್ದಿತು. ಗೆದ್ದರೂ ಮೈತುಂಬಾ ಸಾಲ. ಅಮೆರಿಕದಲ್ಲಿ ಇಟ್ಟ ಸೈನ್ಯದ ಖರ್ಚಿಗೆ ಅಲ್ಲಿನವರೂ ಕೊಡಲಿ ಅಂತ 1765ರ ಮಾರ್ಚ್‌ನಲ್ಲಿ ಸ್ಟಾಂಪ್ ಕಾಯ್ದೆ ಮಾಡಿದರು. ಜಮೀನು ಪತ್ರ, ಲೈಸೆನ್ಸ್, ಕೋರ್ಟ್ ಕಾಗದ, ಪತ್ರಿಕೆ, ಕೊನೆಗೆ ಇಸ್ಪೀಟ್ ಎಲೆಗೂ ಸರ್ಕಾರದ ಛಾಪು ಬೇಕು. ನಮಗೆ ಇದು ಹೊಸದಲ್ಲ. ನಾನೇ ಎಷ್ಟು ಸಾವಿರ ಛಾಪಾ ಕಾಗದ ಮುಟ್ಟಿದ್ದೀನೋ, ಉಬ್ಬು ಮುದ್ರೆಯ ಮೇಲೆ ಬೆರಳಾಡಿಸಿದರೆ ಇವತ್ತಿಗೂ ಗೊತ್ತಾಗುತ್ತದೆ. ಬ್ರಿಟನ್ನಿನವರು ಆಗಲೇ ಅಂಥ ಸುಂಕ ಕಟ್ಟುತ್ತಿದ್ದರು. ಹಾಗಾದರೆ ಇವರಿಗೇನು ತಕರಾರು?

ಕೇಳದೆ ಹಾಕಿದರು ಅನ್ನುವುದೇ ತಕರಾರು. ಅಮೆರಿಕದಲ್ಲಿ ಬ್ರಿಟನ್ ಆಳುತ್ತಿದ್ದ ಒಂದೊಂದು ವಸಾಹತಿಗೂ ತನ್ನದೇ ಆದ ಶಾಸನಸಭೆ ಇತ್ತು. ತೆರಿಗೆ ಹಾಕುವುದಿದ್ದರೆ ನಾವು ಆರಿಸಿದವರು ಹಾಕಲಿ, ಲಂಡನ್ನಿನ ಪಾರ್ಲಿಮೆಂಟಿನಲ್ಲಿ ನಮ್ಮವರು ಒಬ್ಬರೂ ಇಲ್ಲವಲ್ಲ ಅಂದರು. ಕಾಯ್ದೆ ಆಗುವ ಮೊದಲೇ ಹಾಗಂತ ಅರ್ಜಿ ಕಳಿಸಿದ್ದರು. ಹಣಕಾಸಿನ ಮಸೂದೆ ವಿರುದ್ಧ ಅರ್ಜಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ ಅಂತ ಕೆಳಮನೆ ಅವನ್ನು ಓದಲೇ ಇಲ್ಲ.

ಪುಟ್ಟಿ, ಇಲ್ಲಿ ಸ್ವಲ್ಪ ನಿಲ್ಲು. ಅರ್ಜಿ ಬರೆಯುವವನಾಗಿ ನನಗೆ ಗೊತ್ತಿರುವ ಒಂದು ವಿಷಯ ಹೇಳ್ತೀನಿ. ಹೋದ ವರ್ಷ ಒಬ್ಬರು ಅಜ್ಜಿಗೆ ಪಿಂಚಣಿ ಅರ್ಜಿ ಬರೆದುಕೊಟ್ಟಿದ್ದೆ. ಸಂಜೆ ಅದೇ ಕಾಗದ ಹಿಡಿದುಕೊಂಡು ವಾಪಸ್ ಬಂದರು. "ಆಗಲ್ಲ ಅಂದಿದ್ರೂ ಸರಿಯಾಗ್ತಿತ್ತು ಕಣಪ್ಪ, ಕೈಗೇ ತಗೊಳ್ಳಲಿಲ್ಲ" ಅಂದರು. ಸೀಲು ಬೀಳದ ಆ ಕಾಗದ ಅವರ ಕೈಯಲ್ಲಿ ನಡುಗುತ್ತಿತ್ತು. ಆಗಲ್ಲ ಅಂದರೆ ಬೇಜಾರಾಗುತ್ತದೆ. ಕೈಗೇ ತೆಗೆದುಕೊಳ್ಳದಿದ್ದರೆ ನಾನು ಇವರ ಲೆಕ್ಕದಲ್ಲೇ ಇಲ್ಲವಾ ಅನ್ನಿಸುತ್ತದೆ. ಅಜ್ಜಿಯ ಕೆಲಸ ಮೂರನೇ ಸಲಕ್ಕೆ ಆಯಿತು, ಆದರೆ ಆ ಮಾತು ನನ್ನಿಂದ ಹೋಗಿಲ್ಲ.

ಬಾಸ್ಟನ್ನಿನವರು ಸುಮ್ನೆ ಕೂರಲಿಲ್ಲ. ಸ್ಟಾಂಪ್ ಹಂಚಬೇಕಿದ್ದ ಅಧಿಕಾರಿಯ ಬೊಂಬೆ ಮಾಡಿ ಮರಕ್ಕೆ ನೇಣು ಹಾಕಿದರು, ಅವನು ಕೆಲಸವೇ ಬೇಡ ಅಂದುಬಿಟ್ಟ. ಅಕ್ಟೋಬರಿನಲ್ಲಿ 9 ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಮತ್ತೆ ಮನವಿ ಬರೆದರು. ಆ ಮನವಿಯಲ್ಲಿ ಸ್ವಾತಂತ್ರ್ಯದ ಮಾತೇ ಇರಲಿಲ್ಲ. ನಾವು ನಿಮ್ಮ ಪ್ರಜೆಗಳು, ನಿಮ್ಮವರಿಗಿರುವ ಹಕ್ಕು ನಮಗೂ ಇರಲಿ ಅಂತಷ್ಟೇ ಕೇಳಿದ್ದರು. ಬ್ರಿಟಿಷ್ ಸರಕು ಕೊಳ್ಳುವುದನ್ನೂ ಬಿಟ್ಟರು. ಲಂಡನ್ನಿನ ವ್ಯಾಪಾರಿಗಳಿಗೆ ಬಿಸಿ ತಟ್ಟಿತು, 1766ರ ಮಾರ್ಚ್‌ನಲ್ಲಿ ಕಾಯ್ದೆ ರದ್ದಾಯಿತು. ಆದರೆ ಅದರ ಜೊತೆಗೇ ಪಾರ್ಲಿಮೆಂಟು ಇನ್ನೊಂದು ಕಾಯ್ದೆ ಮಾಡಿತು: ನಿಮ್ಮ ಮೇಲೆ ಯಾವ ವಿಷಯಕ್ಕೆ ಬೇಕಾದರೂ ಕಾನೂನು ಮಾಡುವ ಅಧಿಕಾರ ನಮಗಿದೆ ಅಂತ. ಗಾಯ ಮಾಗುವ ಮೊದಲೇ ಅದರ ಮೇಲೆ ಬೆರಳಿಟ್ಟ ಹಾಗೆ.

ಮುಂದೆ 1767ರಲ್ಲಿ ಗಾಜು, ಬಣ್ಣ, ಸೀಸ, ಕಾಗದ, ಟೀ ಮೇಲೆ ಸುಂಕ. 1768ರಲ್ಲಿ ಬಾಸ್ಟನ್ನಿಗೆ ಸೈನ್ಯ. 1770ರ ಮಾರ್ಚ್ 5ರ ರಾತ್ರಿ ಅಲ್ಲಿ ಬ್ರಿಟಿಷ್ ಸಿಪಾಯಿಗಳು ಹಾರಿಸಿದ ಗುಂಡಿಗೆ ಐದು ಜನ ಸತ್ತರು. ಆ ಸಿಪಾಯಿಗಳ ಪರ ವಕಾಲತ್ತು ಮಾಡಿದವನು ಜಾನ್ ಆಡಮ್ಸ್, ಮುಂದೆ ಸ್ವಾತಂತ್ರ್ಯಕ್ಕಾಗಿ ಗಟ್ಟಿಯಾಗಿ ವಾದಿಸಿದ ಅದೇ ಆಡಮ್ಸ್. ನನಗೆ ಅವನ ಮೇಲೆ ತುಂಬಾ ಗೌರವ.

ಆಮೇಲೆ ಟೀ ಬಂತು. 1773ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮುಳುಗುವ ಹಂತದಲ್ಲಿತ್ತು. ಬಂಗಾಳದಲ್ಲಿ ಬರ ಬಿದ್ದು ಲಕ್ಷಾಂತರ ಜನ ಸತ್ತಾಗಲೂ ಕಂದಾಯ ಬಿಡದ ಕಂಪನಿ ಅದು. ಅದನ್ನು ಉಳಿಸಲು, ಗೋದಾಮಿನಲ್ಲಿ ಬಿದ್ದಿದ್ದ ಚೀನಾದ ಟೀಯನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸಲು ಬಿಟ್ಟರು. ಲಂಡನ್ನಿನ ಸುಂಕ ಬಿಟ್ಟುಕೊಟ್ಟಿದ್ದರಿಂದ ಬೆಲೆ ಇಳಿಯಿತು. ಆದರೆ ಪೌಂಡು ಟೀಗೆ ಮೂರು ಪೆನ್ಸ್ ಸುಂಕ ಹಾಗೇ ಇತ್ತು. ಅಗ್ಗದ ಟೀ ಕುಡಿದರೆ ಆ ಸುಂಕ ಹಾಕುವ ಹಕ್ಕನ್ನೂ ಒಪ್ಪಿಕೊಂಡ ಹಾಗೆ ಅಲ್ವಾ? ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಸಮುದ್ರ ಸೇರಿದವು.

ಆ ಸುದ್ದಿ ಲಂಡನ್ ಮುಟ್ಟಿದ ಸ್ವಲ್ಪ ದಿನಕ್ಕೆ, 1774ರ ಜನವರಿ 29ರಂದು, ಲಂಡನ್ನಿನಲ್ಲಿ ವಸಾಹತುಗಳ ಪ್ರತಿನಿಧಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್ ಮುಂದೆ ನಿಂತಿದ್ದ. ನಮ್ಮ ಗವರ್ನರನ್ನು ಬದಲಾಯಿಸಿ ಅಂತ ಬಾಸ್ಟನ್ ಇರುವ ಮೆಸಾಚುಸೆಟ್ಸ್ ವಸಾಹತು ಕೊಟ್ಟ ಅರ್ಜಿಯ ವಿಚಾರಣೆ. ಅರ್ಜಿ ಮೂಲೆಗೆ ಬಿತ್ತು, ಸರ್ಕಾರದ ವಕೀಲ ಫ್ರಾಂಕ್ಲಿನ್ನನ್ನೇ ಹಿಡಿದು ಜಾಡಿಸಿದ. ಕೂತ ದೊಡ್ಡ ಮನುಷ್ಯರು ನಗುತ್ತಿದ್ದರು. ಅರವತ್ತೆಂಟು ವರ್ಷದ ಮುದುಕ ವೆಲ್ವೆಟ್ ಕೋಟು ತೊಟ್ಟು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದ ಹಾಗೆ ನಿಂತಿದ್ದ. ಬ್ರಿಟನ್ ಜೊತೆ ಇರೋಣ ಅಂತ ವರ್ಷಗಟ್ಟಲೆ ದುಡಿದವನು ಅವನು. ನಾಲ್ಕು ವರ್ಷದ ಮೇಲೆ ಫ್ರಾನ್ಸ್ ಜೊತೆ ಬ್ರಿಟನ್ ವಿರುದ್ಧದ ಒಪ್ಪಂದಕ್ಕೆ ಸಹಿ ಹಾಕುವಾಗ ಬೇಕೆಂದೇ ಅದೇ ಕೋಟು ತೊಟ್ಟಿದ್ದ ಅಂತ ಹೇಳುತ್ತಾರೆ.

ಟೀಗೆ ಶಿಕ್ಷೆಯಾಗಿ ಬಾಸ್ಟನ್ ಬಂದರಿಗೆ ಬೀಗ ಬಿತ್ತು. ಬೇರೆ ವಸಾಹತಿನವರು ಅಕ್ಕಿ, ಕುರಿ, ಹಿಟ್ಟು ಕಳಿಸಿದರು. ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದವರು ಆಗ ಹತ್ತಿರವಾದರು. 1775ರ ಏಪ್ರಿಲ್‌ನಲ್ಲಿ ಬಾಸ್ಟನ್ ಹತ್ತಿರದ ಲೆಕ್ಸಿಂಗ್ಟನ್‌ನಲ್ಲಿ ಬ್ರಿಟಿಷ್ ಸೈನ್ಯಕ್ಕೂ ಅಲ್ಲಿನವರಿಗೂ ಕಾಳಗವಾಗಿ ರಕ್ತ ಹರಿಯಿತು. ಅಷ್ಟಾದರೂ ಜುಲೈನಲ್ಲಿ ದೊರೆ ಮೂರನೇ ಜಾರ್ಜ್‌ಗೆ ಇನ್ನೊಂದು ಅರ್ಜಿ ಬರೆದರು ನೋಡು! ನಮಗೂ ಪಾರ್ಲಿಮೆಂಟಿಗೂ ನಡುವೆ ನಿಂತು ಸರಿಮಾಡಿ ಮಹಾಸ್ವಾಮಿ ಅಂತ. ದೊರೆ ಅದನ್ನು ಸ್ವೀಕರಿಸಲೇ ಇಲ್ಲ. ಆಗಸ್ಟ್ 23ಕ್ಕೇ ಇವರೆಲ್ಲ ದಂಗೆಕೋರರು ಅಂತ ಡಂಗುರ ಹೊಡೆಸಿಯಾಗಿತ್ತು. ನಿಷ್ಠೆ ಇಟ್ಟುಕೊಳ್ಳಲು ಉಳಿದಿದ್ದವನು ಅವನೊಬ್ಬ. ಅವನೂ ಬಾಗಿಲು ಹಾಕಿದ. ಮುಂದಿನ ಜುಲೈಯಲ್ಲಿ ಸ್ವಾತಂತ್ರ್ಯ ಘೋಷಣೆ ಬಂತು. ಅದರ ಬಹುಪಾಲು ದೂರಿನ ಪಟ್ಟಿ. ಪಟ್ಟಿ ಮುಗಿಸಿ ಏನು ಬರೆದರು ಗೊತ್ತಾ? ಪ್ರತಿ ಸಲವೂ ಬೇಡಿಕೊಂಡೆವು, ಪ್ರತಿ ಸಲವೂ ನಮಗೆ ಸಿಕ್ಕಿದ್ದು ಪೆಟ್ಟು ಅಂತ.

ಅಮೆರಿಕದಲ್ಲಿ 1781ರಲ್ಲಿ ಸೋತು ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನೇ ಹನ್ನೊಂದು ವರ್ಷದ ಮೇಲೆ ನಮ್ಮೂರಿನ ಕೋಟೆ ಮುಂದೆ ನಿಂತು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡ. ನೀನು ಆಡಿ ಬೆಳೆದ ಊರು ಇದು, ಅದಕ್ಕೆ ನೆನಪಾಯಿತು.

ಆದರೆ ನಾನು ಈ ಪತ್ರ ಬರೆಯಲು ಕೂತದ್ದು ಮುಖ್ಯವಾಗಿ ಇನ್ನೊಂದು ಅರ್ಜಿಗಾಗಿ. 1777ರ ಜನವರಿಯಲ್ಲಿ, ನೀನಿರುವ ಊರಿನಲ್ಲೇ, ಪ್ರಿನ್ಸ್ ಹಾಲ್ ಅನ್ನುವ ಕಪ್ಪು ಮನುಷ್ಯ ಇನ್ನು ಕೆಲವರ ಜೊತೆ ಮೆಸಾಚುಸೆಟ್ಸ್ ಶಾಸನಸಭೆಗೆ ಅರ್ಜಿ ಕೊಟ್ಟ. ನೀವು ಬ್ರಿಟನ್ ವಿರುದ್ಧ ಹೇಳಿದ ಪ್ರತಿ ಮಾತೂ ಗುಲಾಮರ ಪರವಾಗಿ ಇನ್ನೂ ಜೋರಾಗಿ ಹೇಳಬಹುದು, ನಮ್ಮನ್ನು ಬಿಡುಗಡೆ ಮಾಡಿ ಅನ್ನುವುದು ಅದರ ತಿರುಳು. ಅರ್ಜಿಗಳನ್ನು ಯಾರೂ ಕೇಳಲಿಲ್ಲ ಅಂತ ದೇಶವನ್ನೇ ಕಟ್ಟಲು ಹೊರಟವರು ಆ ಅರ್ಜಿಯನ್ನು ಪಕ್ಕಕ್ಕಿಟ್ಟರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಪ್ರಿನ್ಸ್ ಹಾಲ್ ಸಮಾಧಿ ಅಲ್ಲೇ ಕಾಪ್ಸ್ ಹಿಲ್ ಸ್ಮಶಾನದಲ್ಲಿದೆ. ಭಾನುವಾರ ಬಿಡುವಾದರೆ ಹೋಗಿ ಬಾ. ಎರಡು ಹೂ ಇಡು, ಒಂದು ನನ್ನ ಲೆಕ್ಕದ್ದು. ಚಳಿ ಜಾಸ್ತಿ ಇದ್ದರೆ ಅಮ್ಮ ಕೊಟ್ಟ ಶಾಲು ಮರೀಬೇಡ.

ನಿನ್ನ ಅಪ್ಪ